ತಾಂಬೂಲದ ಚೀಲದಲ್ಲಿ ಹೋದ ಕಾದಂಬರಿ

ವಿಮಲಮ್ಮ ಒಂದು ಕಾದಂಬರಿ ಬರೆದಿದ್ದಾರೆ ಎಂಬುದು ಗೋವಿಂದರಾಜನಗರದ ನಮ್ಮ ಅಡ್ಡರಸ್ತೆಯಲ್ಲಿ ಬಹಳ ದಿನ ಮೂರೇ ಜನಕ್ಕೆ ಗೊತ್ತಿತ್ತು: ಅವರ ಗಂಡ ಮುನಿರಾಜು ಅವರಿಗೆ, ಮಗಳು ಬಿಂದುಶ್ರೀಗೆ, ಮತ್ತು ಅವರ ಕಟ್ಟಡದ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ನನಗೆ. ಈಗ ಆ ಪುಸ್ತಕ ಸುಮಾರು ಐನೂರು ಮನೆಗಳಲ್ಲಿದೆ. ಅದು ಆ ಮನೆಗಳಿಗೆ ಹೇಗೆ ಹೋಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನದು ನಾನೇ ಕಂಡದ್ದು. ಕೇಳಿ ತಿಳಿದದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ.

ವಿಮಲಮ್ಮನವರಿಗೆ ಐವತ್ತನಾಲ್ಕು ವರ್ಷ. ತಾವರೆಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದವರು. ಮುನಿರಾಜು ಅವರ ತಾತನ ಕಾಲದಲ್ಲಿ ಈ ಜಾಗವೆಲ್ಲ ರಾಗಿ ಹೊಲ. ಈಗ ಆ ಹೊಲದ ಒಂದು ತುಂಡಿನ ಮೇಲೆ ಮೂರು ಮಹಡಿಯ ‘ಮುನಿವಿಮಲ ನಿಲಯ’ ನಿಂತಿದೆ. ಆರು ಮನೆ ಬಾಡಿಗೆಗೆ, ಮೇಲಿನದು ಅವರಿಗೆ. ಮುನಿರಾಜು ಅವರಿಗೆ ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ಹಾಗಾಗಿ ಕಟ್ಟಡ ನೋಡಿಕೊಳ್ಳುವುದೆಲ್ಲ ವಿಮಲಮ್ಮನವರೇ. ನೆಲದಡಿಯ ಸಂಪ್‌ಗೆ ನೀರು ಬಂತೇ ಎಂದು ನೋಡುವುದು, ಮೋಟರ್ ಹಾಕುವುದು, ಯಾರ ಮನೆಯ ನಲ್ಲಿ ಸೋರುತ್ತಿದೆ ಎಂದು ವಿಚಾರಿಸುವುದು.

ಬಾಡಿಗೆಯವರು ಮನೆ ಖಾಲಿ ಮಾಡಿದ ದಿನ ಗಂಡ ಹೆಂಡತಿ ಇಬ್ಬರೂ ಒಳಗೆ ಹೋಗಿ ನೋಡುವುದು ವಾಡಿಕೆ. ಮುನಿರಾಜು ಗೋಡೆಯಲ್ಲಿ ಎಷ್ಟು ಮೊಳೆ ಹೊಡೆದಿದ್ದಾರೆ ಎಂದು ನೋಡುತ್ತಾರೆ. ವಿಮಲಮ್ಮ ಆ ಮೊಳೆಗೆ ಏನು ತೂಗುಹಾಕಿದ್ದರು ಎಂದು ಯೋಚಿಸುತ್ತಾರೆ. ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರ ಅಳೆದು ಪೆನ್ಸಿಲಿನಲ್ಲಿ ಎಳೆದ ಗೆರೆಗಳು, ಅಡುಗೆಮನೆ ಸ್ಲ್ಯಾಬಿನ ಕೆಳಗೆ ಅಂಟಿಸಿದ ಗ್ಯಾಸಿನ ತಾರೀಖುಗಳು, ಬಚ್ಚಲಲ್ಲಿ ಬಿಟ್ಟುಹೋದ ಅರ್ಧ ಸೀಗೇಕಾಯಿ ಪೊಟ್ಟಣ. ಇವನ್ನೆಲ್ಲ ಅವರು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದರು. ಒಂಬತ್ತು ವರ್ಷದಲ್ಲಿ ನಾಲ್ಕು ನೋಟ್‌ಬುಕ್ಕು ತುಂಬಿ ಅದು ಕಾದಂಬರಿಯಾಯಿತು. ಹೆಸರು ‘ಹಿಂದಿನ ಬಾಡಿಗೆಯವರು’.

ನಾನು ಮೊದಲ ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದೆ. ಅಮ್ಮ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋದರೆ ಸಂಜೆಯೇ ಬರುತ್ತಿದ್ದುದು. ಒಂದು ದಿನ ವಿಮಲಮ್ಮ ಮೊದಲ ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗೆ ಬಂದರು.

“ನೀನು ಓದೋಳು ಅಂತ ನಿಮ್ಮಮ್ಮ ಹೇಳಿದ್ರು. ಓದು. ಆದ್ರೆ ಚೆನ್ನಾಗಿದೆ ಆಂಟಿ ಅಂತ ಮಾತ್ರ ಹೇಳ್ಬೇಡ. ಅದನ್ನ ಕೇಸರಿಬಾತ್‌ಗೂ ಹೇಳ್ತಾರೆ.”

ನಾನು ಓದಿದೆ. ಆ ನೋಟ್‌ಬುಕ್ಕಿನಲ್ಲಿ ನಮಗಿಂತ ಮುಂಚೆ ನಮ್ಮ ಮನೆಯಲ್ಲಿದ್ದವರ ಕಥೆ ಇತ್ತು. ಅಲ್ಲಿಯವರೆಗೆ ನಾನು ಆ ಗೋಡೆಗಳನ್ನು ನಮ್ಮವು ಎಂದುಕೊಂಡಿದ್ದೆ.

ಬರೆದದ್ದು ಮುಗಿದ ಮೇಲೆ ಅವರು ವಿಜಯನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಚನ್ನವೀರೇಶ್ ಅವರ ಹತ್ತಿರ ಟೈಪು ಮಾಡಿಸಿ, ಪ್ರಿಂಟು ತೆಗೆಸಿ, ಎರಡು ಪ್ರಕಾಶನಗಳಿಗೆ ಕಳಿಸಿದರು. ಒಂದರಿಂದ ಉತ್ತರವೇ ಬರಲಿಲ್ಲ. ಇನ್ನೊಂದರವರು ಫೋನಿನಲ್ಲಿ, ಪ್ರಕಟಿಸಬಹುದು, ಆದರೆ ಮುನ್ನೂರು ಪ್ರತಿ ನೀವೇ ಕೊಳ್ಳಬೇಕು ಎಂದರು. ಓದಿದ್ರಾ ಸಾರ್ ಎಂದು ವಿಮಲಮ್ಮ ಕೇಳಿದರಂತೆ. ನೋಡಿದೀವಿ ಮೇಡಂ ಎಂದರಂತೆ.

ಅದರ ಮುಂದಿನ ಭಾನುವಾರ ನಾನು ಮೇಲಿನ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಬಿಂದುಶ್ರೀ ಅಕ್ಕ ಗಂಡನ ಮನೆಯಿಂದ ಬಂದಿದ್ದರು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ.

“ಇಂಗ್ಲಿಷಲ್ಲಾದ್ರೆ ಏಜೆಂಟ್ ಅಂತ ಇರ್ತಾರಮ್ಮ. ನಮ್ಮ ಪುಸ್ತಕ ಅವರೇ ತಗೊಂಡು ಹೋಗಿ ಪಬ್ಲಿಷರ್ ಹತ್ರ ಮಾತಾಡ್ತಾರೆ. ಕನ್ನಡದಲ್ಲಿ ಆ ಥರ ಯಾರೂ ಇಲ್ವಂತೆ.”

“ಇಲ್ದೆ ಇರೋದೇ ಒಳ್ಳೇದಾಯ್ತು” ಎಂದರು ಮುನಿರಾಜು. “ಬ್ರೋಕರ್ ಇಲ್ದೆ ಆರು ಮನೆ ಬಾಡಿಗೆಗೆ ಕೊಟ್ಟಿದೀನಿ. ನಿಮ್ಮಮ್ಮನ ಒಂದು ಪುಸ್ತಕಕ್ಕೆ ಬ್ರೋಕರ್ ಯಾಕೆ? ಮುನ್ನೂರು ಕೊಳ್ಳೋ ದುಡ್ಡಲ್ಲಿ ಐನೂರು ನಾವೇ ಹಾಕ್ಸೋಣ. ಒಳ್ಳೇ ಪೇಪರ್, ಗಟ್ಟಿ ರಟ್ಟು. ನಮ್ಮ ಹೆಸರಲ್ಲೇ ಪ್ರಕಾಶನ.”

“ಬೇಡ ಕಣ್ರೀ.”

“ಯಾಕ್ ಬೇಡ? ಅವನ್ಯಾವನೋ ಓದ್ದೇ ಇರೋನು ಹಾಕಿದ್ರೆ ಪುಸ್ತಕ, ನಾನು ಹಾಕ್ಸಿದ್ರೆ ಕರಪತ್ರನಾ?”

ವಿಮಲಮ್ಮ ಒಂದು ಕಾಯಿ ಸುಲಿದು, ಕಾಳನ್ನು ಬಟ್ಟಲಿಗೆ ಹಾಕಿ, ಆಮೇಲೆ ಹೇಳಿದರು. “ನೀವು ನನಗೆ ಸೀರೆ ತಂದ್ರೂ ಚೆನ್ನಾಗಿದೆ ಅಂತೀರಿ, ನಾನು ಸಾರು ಕೆಡ್ಸಿದ್ರೂ ಚೆನ್ನಾಗಿದೆ ಅಂತೀರಿ. ನೀವು ಹಾಕ್ಸೋದು ನನ್ನ ಮೇಲಿನ ಆಸೆಗೆ. ನನ್ನ ಮುಖ ನೋಡ್ದೆ ಇರೋರು, ನನ್ನ ಮನೆ ಕಾಫಿ ಕುಡೀದೆ ಇರೋರು, ಒಬ್ರು ಇದನ್ನ ಓದಿ ಸರಿ ಇದೆ, ನಾವು ಹಾಕ್ತೀವಿ ಅನ್ಬೇಕು. ಅಷ್ಟೇ ನನಗೆ ಬೇಕಾಗಿರೋದು. ಅದು ಆಗ್ಲಿಲ್ಲ ಅಂದ್ರೆ ಹಾಗೇ ಇರ್ಲಿ ಬಿಡಿ.”

“ಅಯ್ಯೋ, ಒಳ್ಳೆ ಕತೆ” ಎಂದು ಮುನಿರಾಜು ನಕ್ಕು ಪೇಪರು ತೆಗೆದರು. ಅವರು ಕೋಪ ಮಾಡಿಕೊಳ್ಳುವವರಲ್ಲ. ಹೆಂಡತಿಗೆ ಸಂಕೋಚ, ಖರ್ಚು ಬೇಡವೆಂದು ಹೀಗೆ ಹೇಳುತ್ತಿದ್ದಾಳೆ ಎಂದು ಅವರು ತಿಳಿದುಕೊಂಡರು ಎಂದು ನನಗೆ ಈಗ ಅನ್ನಿಸುತ್ತದೆ. ಅವರ ಕಡೆ ಹೆಂಗಸರು ಬೇಕಾದ್ದನ್ನು ಮೊದಲ ಸಲಕ್ಕೆ ಬೇಕು ಎನ್ನುವುದಿಲ್ಲ.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ವಿಮಲಮ್ಮ ಮೂರನೆಯ ಕಡೆಗೆ ಕಳಿಸಿದರು. ಮಲ್ಲೇಶ್ವರದ ಒಂದು ಪ್ರಕಾಶನ. ಅವರು ಪ್ರತಿ ವರ್ಷ ಹೊಸಬರ ಮೊದಲ ಕಾದಂಬರಿ ಮೂರನ್ನು ಆರಿಸಿ, ತಮ್ಮ ಖರ್ಚಿನಲ್ಲೇ ತರುತ್ತಾರೆ. ಜೊತೆಗೆ ಒಂದು ಫಾರಂ ಇತ್ತು. ವಿಮಲಮ್ಮ ಕನ್ನಡಕ ಹುಡುಕುತ್ತಿದ್ದುದರಿಂದ ನಾನೇ ಅದನ್ನು ಓದಿ ಹೇಳಿದೆ: ಈ ಕೃತಿ ಈ ಮೊದಲು ಯಾವ ರೂಪದಲ್ಲೂ ಪ್ರಕಟವಾಗಿರಬಾರದು, ಹಾಗೆಂದು ಲೇಖಕರು ಸಹಿ ಮಾಡಿ ಕೊಡಬೇಕು. ಅವರು ಗ್ಯಾಸ್ ಕಟ್ಟೆಯ ಮೇಲೆ ಫಾರಂ ಇಟ್ಟು ನಿಧಾನವಾಗಿ ಸಹಿ ಮಾಡಿದರು.

ಯುಗಾದಿ ಹೊತ್ತಿಗೆ ಅಲ್ಲಿಂದ ಒಂದು ಲಕೋಟೆ ಬಂತು. ಕಳಿಸಿದ ಹಾಳೆಗಳೇ ವಾಪಸ್ಸು ಬಂದಿವೆ ಎಂದು ಅದರ ದಪ್ಪದಿಂದಲೇ ಗೊತ್ತಾಗುತ್ತಿತ್ತು. ವಿಮಲಮ್ಮ ಅದನ್ನು ತೆರೆಯದೆ ಸ್ವಲ್ಪ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ತೆರೆದರೆ ಪುಟಪುಟದ ಅಂಚಿನಲ್ಲೂ ಪೆನ್ಸಿಲಿನ ಬರವಣಿಗೆ. ‘ಇಲ್ಲಿ ಸ್ವಲ್ಪ ನಿಧಾನಿಸಿ.’ ‘ಈಕೆ ಬಾಗಿಲು ಹಾಕಿಕೊಂಡಾಗ ನನಗೆ ಭಯವಾಯಿತು.’ ‘ಈ ಮಾತು ಬೇಡ, ಓದುವವರಿಗೆ ಗೊತ್ತಾಗಿದೆ.’ ಜೊತೆಗೆ ರಾಗಿಣಿ ಎಂಬ ಸಂಪಾದಕಿಯ ಪತ್ರ: ಎರಡು ಅಧ್ಯಾಯ ತಿದ್ದಿ ಕಳಿಸಿದರೆ ಕೊನೆಯ ಆಯ್ಕೆಗೆ ಇಡುತ್ತೇವೆ, ಜೂನಿನಲ್ಲಿ ತಿಳಿಸುತ್ತೇವೆ.

ವಿಮಲಮ್ಮ ಭಯವಾಯಿತು ಎಂದು ಬರೆದಿದ್ದ ಪುಟವನ್ನು ನನಗೆ ಎರಡು ಸಲ ತೋರಿಸಿದರು. “ಯಾರೋ ಅವ್ರು. ನನ್ನ ಹೆಸರು ಬಿಟ್ರೆ ಏನೂ ಗೊತ್ತಿಲ್ಲ ಅವ್ರಿಗೆ. ನಾನು ಬರೆದಿದ್ದಕ್ಕೆ ಅವ್ರು ಹೆದರ್ಕೊಂಡಿದಾರೆ ನೋಡೇ.”

“ಅಂಕಲ್‌ಗೆ ಹೇಳಿದ್ರಾ ಆಂಟಿ?”

“ಈಗ್ಲೇ ಬೇಡ. ಸಂಬಂಧ ಕುದುರೋಕ್ ಮುಂಚೆ ಊರಿಗೆಲ್ಲಾ ಹೇಳ್ತಾರಾ? ತಾಂಬೂಲ ಬದಲಾಯಿಸ್ಲಿ, ಆಮೇಲೆ ಹೇಳೋದು. ನೀನೂ ಬಾಯಿ ಬಿಡ್ಬೇಡ.”

ಅವರ ಮನೆತನಗಳಲ್ಲಿ ಹಾಗೆಯೇ. ಹೆಣ್ಣು ನೋಡಿ ಒಪ್ಪಿದರೂ, ನಿಶ್ಚಯವಾಗುವ ತನಕ ಒಡಹುಟ್ಟಿದವರಿಗೂ ಹೇಳುವುದಿಲ್ಲ. ಕಣ್ಣು ಬೀಳುತ್ತದೆ ಎಂದು. ವಿಮಲಮ್ಮ ಅದೇ ಕ್ರಮವನ್ನು ಪುಸ್ತಕಕ್ಕೂ ಹಿಡಿದರು. ಏಪ್ರಿಲ್ ಪೂರ್ತಿ ಮಧ್ಯಾಹ್ನದ ಹೊತ್ತು ಎರಡು ಅಧ್ಯಾಯ ಹೊಸದಾಗಿ ಬರೆದು, ಕೈಬರಹದಲ್ಲೇ ಮಲ್ಲೇಶ್ವರಕ್ಕೆ ಕಳಿಸಿದರು.

ಅದೇ ಸಮಯದಲ್ಲಿ ಮುನಿರಾಜು ಕೆಂಗೇರಿ ಉಪನಗರದಲ್ಲಿ ಮಗಳಿಗಾಗಿ ಕಟ್ಟಿಸುತ್ತಿದ್ದ ಮನೆ ಮುಗಿಯುತ್ತಾ ಬಂದಿತ್ತು. ಮೇ ಕೊನೆಯ ವಾರ ಗೃಹಪ್ರವೇಶ.

ಅದಕ್ಕೆ ಎರಡು ವಾರ ಮುಂಚೆ, ವಿಮಲಮ್ಮ ಸೀರೆ ತರಲು ಮಗಳ ಜೊತೆ ಹೋಗಿದ್ದ ದಿನ, ಒಂದು ಲಗೇಜ್ ಆಟೋ ನಮ್ಮ ಬಾಗಿಲ ಮುಂದೆ ನಿಂತಿತು. ಮುನಿರಾಜು ಇಳಿದರು. ಆಟೋದವನೂ ಅವರೂ ಸೇರಿ ಕಂದು ಕಾಗದದ ಕಟ್ಟುಗಳನ್ನು ಒಂದೊಂದಾಗಿ ನಮ್ಮ ಹಾಲಿಗೆ ತಂದು ಜೋಡಿಸಿದರು.

“ಹದಿನೈದು ದಿವ್ಸ ಇಲ್ಲಿರ್ಲಿ ಕಣಮ್ಮ. ನಮ್ಮನೇಲಿಟ್ರೆ ಅವಳು ಕಂಡ್ಬಿಡ್ತಾಳೆ” ಎಂದು ಒಂದು ಕಟ್ಟಿನ ಮೂಲೆ ಹರಿದು ಪುಸ್ತಕ ತೆಗೆದು ನನಗೆ ತೋರಿಸಿದರು. ರಟ್ಟಿನ ಮೇಲೆ ವಿಮಲಮ್ಮನವರ ಬಣ್ಣದ ಫೋಟೋ, ಬಿಂದುಶ್ರೀ ಅಕ್ಕನ ಮದುವೆಯದು, ಕಾಸಿನ ಸರ ಹಾಕಿಕೊಂಡದ್ದು. ಮೇಲೆ ‘ಹಿಂದಿನ ಬಾಡಿಗೆಯವರು’. ಕೆಳಗೆ ‘ಮುನಿವಿಮಲ ಪ್ರಕಾಶನ’. ಹಿಂಬದಿಯ ರಟ್ಟಿನಲ್ಲಿ ಅಂಗಡಿಯ ಹೆಸರು, ಸಿಮೆಂಟು, ಕಬ್ಬಿಣ, ಪೈಪು, ಪೇಂಟು, ಎರಡು ಮೊಬೈಲ್ ನಂಬರ್.

“ಚನ್ನವೀರೇಶ್ ಹತ್ರ ಫೈಲಿತ್ತು. ಅವನೇ ಪುಸ್ತಕಕ್ಕೆ ಸರ್ಕಾರದೋರು ಕೊಡೋ ಐಎಸ್‌ಬಿಎನ್ ನಂಬರ್ ಎಲ್ಲಾ ಹಾಕ್ಸಿದಾನೆ. ಪಕ್ಕಾ ಪುಸ್ತಕ. ಗೃಹಪ್ರವೇಶದ ದಿನ ತಾಂಬೂಲದ ಚೀಲದಲ್ಲಿ ಎಲ್ಲಾರ್ಗೂ ಒಂದೊಂದು. ಹೆಂಗೆ?”

ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೆ ಆ ಫಾರಂ ನೆನಪಾಯಿತು. ಬಾಯಿ ಬಿಡಬೇಡ ಎಂದು ವಿಮಲಮ್ಮ ಹೇಳಿದ್ದರು. ಅವಳಿಗೆ ಹೇಳಬೇಡ ಎಂದು ಇವರು ಹೇಳುತ್ತಿದ್ದರು. ನಾನು ಚೆನ್ನಾಗಿದೆ ಅಂಕಲ್ ಎಂದೆ.

ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಕಟ್ಟುಗಳ ಮೇಲೆ ಹಳೆಯ ಬೆಡ್‌ಶೀಟು ಹೊದಿಸುತ್ತಾ, “ಅದು ಗಂಡ ಹೆಂಡ್ತಿ ವಿಷ್ಯ. ಅದ್ರಲ್ಲೂ ಓನರು. ಈ ಸಲ ಅಗ್ರಿಮೆಂಟ್ ಮುಗಿಯೋಕೆ ಇನ್ನು ಎರಡು ತಿಂಗ್ಳಿದೆ. ನೀನು ಸುಮ್ನೆ ಇರು” ಎಂದರು. ಆದರೂ ಮಾರನೆಯ ದಿನ ನಾನು ಮೇಲೆ ಹೋದೆ. ವಿಮಲಮ್ಮ ಬಾಗಿಲು ತೆಗೆದರು. ಅವರ ಹಿಂದೆ ಮುನಿರಾಜು ಕಾಫಿ ಕುಡಿಯುತ್ತಾ ಕೂತಿದ್ದರು, ನನ್ನನ್ನು ಕಂಡು ಕಣ್ಣು ಮಿಟುಕಿಸಿದರು. ನಾನು ಮೊಸರಿಗೆ ಹೆಪ್ಪು ಕೇಳಿಕೊಂಡು ಇಳಿದುಬಂದೆ. ಆಮೇಲೆ ವಿಮಲಮ್ಮ ಒಬ್ಬರೇ ಸಿಕ್ಕ ದಿನಗಳೂ ಇದ್ದವು. ಆಗಲೂ ನಾನು ಹೇಳಲಿಲ್ಲ. ಹೇಳಿದ್ದರೆ ಆ ಕಟ್ಟುಗಳು ನಮ್ಮ ಮನೆಯಲ್ಲೇ ಉಳಿಯುತ್ತಿದ್ದವೋ ಏನೋ.

ಗೃಹಪ್ರವೇಶದ ದಿನ ಹೋಮ ಮುಗಿದು, ಎರಡು ಪಂಕ್ತಿ ಊಟವಾಗುವ ಹೊತ್ತಿಗೆ ಮಹಡಿಯ ಶಾಮಿಯಾನದ ಕೆಳಗೆ ಮುನಿರಾಜು ಮೈಕ್ ಹಿಡಿದರು. ಅವರ ದೊಡ್ಡಪ್ಪನ ಮಗ ವೆಂಕಟರಮಣಪ್ಪ, ಮನೆತನದ ಹಿರಿಯರು, ಪಕ್ಕದಲ್ಲಿ ನಿಂತಿದ್ದರು.

“ನಮ್ಮನೇವ್ಳು ಒಂದು ಪುಸ್ತಕ ಬರೆದವ್ಳೆ. ನಿಮಗ್ಯಾರ್ಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ, ಇವತ್ತು ಬಿಡುಗಡೆ ಅಂತ.”

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ವೆಂಕಟರಮಣಪ್ಪ ರಿಬ್ಬನ್ ಬಿಚ್ಚಿ ಪುಸ್ತಕ ಎತ್ತಿ ಹಿಡಿದರು. “ಫೋಟೋ ಭಾಳಾ ಚೆನ್ನಾಗಿ ಬಂದೈತೆ ಕಣಮ್ಮ” ಎಂದು ಅವರು ಹೇಳಿದ್ದು ಮೈಕಿನಲ್ಲಿ ಕೇಳಿತು.

ವಿಮಲಮ್ಮ ಅಡುಗೆಯವರ ಹತ್ತಿರ ಏನೋ ಹೇಳುತ್ತಿದ್ದವರು ತಿರುಗಿ ನಿಂತರು. ಮೊದಲು ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಯಾರೋ ಪುಸ್ತಕವನ್ನು ಅವರ ಕೈಗೆ ಕೊಟ್ಟರು. ಅವರು ಮೊದಲ ಪುಟ ತೆರೆದು, ಅದರ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿದ್ದ ಪ್ರಕಾಶನದ ಹೆಸರು, ನಂಬರು, ವರ್ಷ ಎಲ್ಲ ಓದಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ನನಗೆ ಗೊತ್ತಿತ್ತು ಎಂದು ಅವರಿಗೆ ಆಗ ತಿಳಿಯಿತು ಎಂದುಕೊಂಡಿದ್ದೇನೆ. ಇವತ್ತಿನವರೆಗೂ ಅವರು ಅದನ್ನು ಕೇಳಿಲ್ಲ.

“ಅಮ್ಮ, ಮಾತಾಡು” ಎಂದು ಬಿಂದುಶ್ರೀ ಅಕ್ಕ ಮೈಕ್ ತಂದರು.

“ಎಲ್ಲಾರೂ ಊಟ ಮಾಡ್ಕೊಂಡ್ ಹೋಗಿ” ಎಂದಷ್ಟೇ ಅಂದರು ವಿಮಲಮ್ಮ.

ಜನ ಹೊರಡಲು ಶುರುವಾಯಿತು. ತಾಂಬೂಲ ಕೊಡುವುದು ಮನೆಯೊಡತಿಯ ಕೆಲಸ. ಬೇರೆಯವರು ಕೊಟ್ಟರೆ ಬಂದವರಿಗೆ ಮರ್ಯಾದೆ ಮಾಡಿದಂತಲ್ಲ. ಬಾಗಿಲ ಹತ್ತಿರ ಚೀಲಗಳನ್ನು ಸಾಲಾಗಿ ಇಟ್ಟಿದ್ದರು: ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ರವಿಕೆ ಕಣ, ಮತ್ತು ಪುಸ್ತಕ. ವಿಮಲಮ್ಮ ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು, ಚೀಲ ಎತ್ತಿ ಕೈಗಿಟ್ಟು, ಹೋಗಿಬನ್ನಿ ಎಂದರು. ಮಧ್ಯೆ ಒಂದು ಸಲ ಅವರು ಒಂದು ಚೀಲದೊಳಗೆ ಕೈ ಹಾಕಿ ಪುಸ್ತಕವನ್ನು ಮೆಲ್ಲಗೆ ಹೊರಗೆಳೆದಿದ್ದನ್ನು ನಾನು ಕಂಡೆ. ಎದುರಿಗಿದ್ದ ಹೆಂಗಸು, “ಅಯ್ಯೋ, ನನಗೂ ಬೇಕಮ್ಮ ನಿಮ್ಮ ಫೋಟೋ ಇರೋದು” ಎಂದರು. ವಿಮಲಮ್ಮ ಮತ್ತೆ ಒಳಗಿಟ್ಟರು. ಹೀಗೆ ಸಂಜೆ ನಾಲ್ಕರ ತನಕ, ತಾವೇ, ತಮ್ಮ ಕೈಯಿಂದಲೇ ಹಂಚಿದರು.

ಗೃಹಪ್ರವೇಶವಾದ ಎರಡನೆಯ ಶುಕ್ರವಾರ ಬೆಳಿಗ್ಗೆ ರಾಗಿಣಿಯವರ ಫೋನ್ ಬಂತು. ನಾನು ಅಲ್ಲೇ ಇದ್ದೆ. ವಿಮಲಮ್ಮನವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಯಾವಾಗಲೂ ಸ್ಪೀಕರ್ ಹಾಕಿ ಮಾತಾಡುತ್ತಾರೆ.

“ಅಮ್ಮಾ, ನಮಸ್ಕಾರ. ಒಳ್ಳೇ ಸುದ್ದಿ. ಮೂರರಲ್ಲಿ ನಿಮ್ಮದೂ ಒಂದು. ಹೊಸ ಅಧ್ಯಾಯಗಳನ್ನ ನಮ್ಮ ಆಫೀಸಲ್ಲಿ ಎಲ್ರೂ ಓದಿದ್ವಿ.”

ವಿಮಲಮ್ಮ ಕುರ್ಚಿಯ ಮೇಲೆ ಕೂತರು. “ಎಲ್ರೂನಾ?”

“ಎಲ್ರೂ. ನವೆಂಬರ್‌ಗೆ ತರ್ತೀವಿ. ಅಗ್ರಿಮೆಂಟ್ ಕಳಿಸ್ಲಾ?”

ಅವರು ಸುಮ್ಮನಿದ್ದರೆ ಆಗುತ್ತಿತ್ತೇನೋ. ನೆಂಟರ ಮನೆಯ ಚೀಲಗಳನ್ನು ಯಾರು ಬಿಚ್ಚಿ ನೋಡುತ್ತಿದ್ದರು? ಆದರೆ ಅವರು ಸಹಿ ಮಾಡಿದ್ದರು.

“ಒಂದು ಮಾತು ಹೇಳ್ಬೇಕು ಮೇಡಂ. ಪುಸ್ತಕ ಆಗ್ಲೇ ಅಚ್ಚಾಗ್ಬಿಟ್ಟಿದೆ. ನಮ್ಮೆಜಮಾನ್ರು ಹಾಕ್ಸಿದಾರೆ. ನನಗೆ ಗೊತ್ತಿರ್ಲಿಲ್ಲ. ಅವ್ರಿಗೆ ನಾನು ನಿಮಗೆ ಕಳ್ಸಿರೋದು ಗೊತ್ತಿರ್ಲಿಲ್ಲ.”

“ಎಷ್ಟು ಪ್ರತಿ?”

“ಐನೂರು. ನಾನೂರು ಹಂಚಾಯ್ತು. ನಾನೇ ಹಂಚಿದೆ.”

“ಐಎಸ್‌ಬಿಎನ್ ಇದೆಯಾ ಅಮ್ಮ?”

“ಇದೆ.”

“ಅಯ್ಯೋ, ಯಾಕಮ್ಮಾ ಹಿಂಗಾಯ್ತು” ಎಂದರು ರಾಗಿಣಿ. ಸಂಪಾದಕಿಯಂತಲ್ಲ, ಮನೆಯ ಮಗಳಂತೆ. ಆಮೇಲೆ ನಿಧಾನವಾಗಿ, ಅದು ಮೊದಲ ಮುದ್ರಣದ ಮಾಲೆ, ನಿಯಮ ತನ್ನದಲ್ಲ, ಮೇಲಿನವರನ್ನು ಕೇಳಿ ನೋಡುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. “ಇನ್ನೊಂದು ಬರೀರಿ ಅಮ್ಮ. ಮೊದಲು ನಾನೇ ಓದ್ತೀನಿ.”

“ಇದಕ್ಕೇ ಒಂಬತ್ತು ವರ್ಷ ಆಯ್ತು ಮೇಡಂ” ಎಂದು ವಿಮಲಮ್ಮ ಫೋನ್ ಇಟ್ಟರು.

ಮುನಿರಾಜು ಒಳಕೋಣೆಯಲ್ಲಿ ಷರ್ಟ್ ಹಾಕಿಕೊಳ್ಳುತ್ತಿದ್ದವರು ಬಾಗಿಲಲ್ಲಿ ನಿಂತಿದ್ದರು. ಒಂದು ತೋಳು ಹಾಕಿತ್ತು, ಇನ್ನೊಂದು ಇರಲಿಲ್ಲ.

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ನೀವು ಒಂದು ಮಾತು ಕೇಳ್ಬಾರ್ದಿತ್ತಾ?”

ಇಬ್ಬರೂ ಜೋರಾಗಿ ಹೇಳಲಿಲ್ಲ. ಆಮೇಲೆ ವಿಮಲಮ್ಮ ಮೋಟರ್ ಹಾಕಲು ಕೆಳಗೆ ಇಳಿದರು.

ಮುನಿರಾಜು ಮೊದಲು ಹಂಚಿದ ಪುಸ್ತಕಗಳನ್ನು ವಾಪಸ್ಸು ತರುತ್ತೇನೆಂದು ಸ್ಕೂಟರ್ ಹತ್ತಿದರು. ಬಸವೇಶ್ವರನಗರದಲ್ಲಿ ಅವರ ತಂಗಿಯ ಮನೆಗೆ ಹೋದರಂತೆ. ತಂಗಿ, “ಕೊಟ್ಟ ತಾಂಬೂಲ ವಾಪಸ್ ಕೇಳ್ತಾರಾ ಅಣ್ಣ? ಮಗಳ ಹೊಸ ಮನೆಗೆ ಒಳ್ಳೇದಾಗ್ಬೇಕಾ ಬೇಡ್ವಾ?” ಎಂದರಂತೆ. ಅವರು ಅಲ್ಲಿಂದಲೇ ತಿರುಗಿ ಬಂದರು.

ಮೂರು ದಿನ ಬಿಟ್ಟು ಅವರು ನಮ್ಮ ಬಾಗಿಲು ತಟ್ಟಿದರು. “ಮಲ್ಲೇಶ್ವರಕ್ಕೆ ಹೋಗ್ಬೇಕು. ಅವ್ರ ಹತ್ರ ಹೆಂಗ್ ಮಾತಾಡ್ಬೇಕೋ ನನಗೆ ಗೊತ್ತಾಗಲ್ಲ. ನೀನು ಓದೋಳು. ಬಾರಮ್ಮ.” ನನಗೆ ಮಾತೇ ಬರುವುದಿಲ್ಲ ಎಂದು ಹೇಳಬೇಕೆನಿಸಿತು. ಆದರೂ ಹೋದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಹೋದೆವು.

ರಾಗಿಣಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು. ಮೇಜಿನ ತುಂಬ ಕಾಗದ. ಮುನಿರಾಜು ಕೂರಲೂ ಇಲ್ಲ.

“ತಪ್ಪು ನಂದು ಮೇಡಂ, ಅವಳದ್ದಲ್ಲ. ಎಷ್ಟು ಪ್ರತಿ ಕೊಳ್ಬೇಕು ಹೇಳಿ. ಮುನ್ನೂರು? ಐನೂರು? ಸಾವ್ರ ಅಂದ್ರೂ ಆಯ್ತು.”

“ಕೊಳ್ಳೋ ಪ್ರಶ್ನೆ ಅಲ್ಲ ಸಾರ್. ಇಲ್ಲಿ ಯಾರ ಹತ್ರಾನೂ ದುಡ್ಡು ತಗೊಳಲ್ಲ.”

“ಮತ್ತೇನು? ಉಳಿದಿರೋದನ್ನೆಲ್ಲಾ ಸುಟ್ಟಾಕ್ತೀನಿ.”

“ನಂಬರ್ ಬಿದ್ದಾಯ್ತಲ್ಲ ಸಾರ್. ಈಗ ನಾವು ಹಾಕಿದ್ರೆ ಅದು ಎರಡನೇ ಮುದ್ರಣ. ಈ ಮಾಲೆ ಮೊದಲನೇ ಮುದ್ರಣಕ್ಕೆ ಮಾತ್ರ. ನಾನು ಕೇಳಿದೆ ಸಾರ್, ನಿಜವಾಗ್ಲೂ ಕೇಳಿದೆ. ಆಗಲ್ಲ ಅಂದ್ರು.”

ಮುನಿರಾಜು ನಿಂತೇ ಯೋಚಿಸಿದರು. “ನಮ್ಮ ಅಂಗಡೀಲಿ ಸೀಲ್ ಒಡೆದ ಪೇಂಟ್ ಡಬ್ಬ ವಾಪಸ್ ತಗೊಳಲ್ಲ ಅಂತ ಬೋರ್ಡ್ ಹಾಕಿದೀನಿ. ಯಾರು ಬಂದು ಗೋಗರೆದ್ರೂ ತಗೊಳಲ್ಲ. ಅದೇ ತಾನೇ ಇದು?”

“ಹೂಂ ಸಾರ್. ಹೆಚ್ಚು ಕಮ್ಮಿ ಅದೇ.”

ಆಗ ಅವರು ಕೂತರು. ರಾಗಿಣಿ ಟೀ ತರಿಸಿದರು. ಏನಾದರೂ ಹೇಳಬೇಕು ಎಂದೋ ಏನೋ, ಕಾದಂಬರಿಯ ಬಗ್ಗೆ ಮಾತಾಡಿದರು. ಆ ಮನೆಯೊಡತಿ ಖಾಲಿ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಬಿಟ್ಟುಹೋದವರ ಮೊಳೆಗೆ ತನ್ನ ಸೀರೆ ನೇತುಹಾಕಿ ಅರ್ಧ ಗಂಟೆ ಬಾಡಿಗೆಯವಳಂತೆ ಕೂರುತ್ತಾಳಲ್ಲ, ಆ ಭಾಗವನ್ನು ಓದಿ ತನಗೆ ಆ ದಿನ ಬೇರೆ ಕೆಲಸವೇ ಮಾಡಲಾಗಲಿಲ್ಲ ಎಂದರು. “ನಿಮಗೆ ಯಾವ ಭಾಗ ಇಷ್ಟ ಆಯ್ತು ಸಾರ್?”

ಮುನಿರಾಜು ಟೀ ಲೋಟವನ್ನೇ ನೋಡಿದರು. “ಎಲ್ಲಾನೂ” ಎಂದರು.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ನನ್ನನ್ನು ಕೇಳಿದರು. “ಅವಳು ಖಾಲಿ ಮನೇಲಿ ಹಂಗೆ ಕೂತ್ಕೊಂಡಿದ್ಲಾ? ನಿಜವಾಗ್ಲೂ?”

“ಅದು ಕಾದಂಬರಿ ಅಂಕಲ್. ನನಗೆ ಗೊತ್ತಿಲ್ಲ.”

ಮನೆಗೆ ಬಂದಾಗ ವಿಮಲಮ್ಮ ಎಲ್ಲಿಗೆ ಹೋಗಿದ್ರಿ ಎಂದು ಕೇಳಲಿಲ್ಲ. ಊಟಕ್ಕೆ ಬನ್ನಿ ಎಂದರು, ನನ್ನನ್ನೂ ಕರೆದರು. ಮುನಿರಾಜು ಎರಡು ತುತ್ತು ಮುದ್ದೆ ನುಂಗಿ, ತಟ್ಟೆಯ ಕಡೆ ನೋಡುತ್ತಾ, “ನಿನ್ನ ಹೊಸ ಚಾಪ್ಟರ್ ಎರಡನ್ನೂ ಸೇರ್ಸಿ ಇನ್ನೊಂದ್ಸಲ ಹಾಕ್ಸೋಣ ಕಣೇ. ಫೋಟೋ ಬೇಡ. ಹಿಂದ್ಗಡೆ ಅಂಗಡಿ ಹೆಸ್ರೂ ಬೇಡ. ನೀನು ಹೇಳ್ದಂಗೆ” ಎಂದರು.

“ಸಾರು ಹಾಕ್ಲಾ?” ಎಂದರು ವಿಮಲಮ್ಮ.

ಆಮೇಲೆ ಆ ಮನೆಯಲ್ಲಿ ಪುಸ್ತಕದ ಮಾತು ಬರಲಿಲ್ಲ. ನಾನೂರು ಮನೆಗಳಿಂದಲೂ ಬರಲಿಲ್ಲ. ಸಿಕ್ಕವರೆಲ್ಲ ಫೋಟೋದ ಬಗ್ಗೆ ಹೇಳಿದರು, ಸರ ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ಒಬ್ಬರು ಹಿಂಬದಿಯ ನಂಬರಿಗೆ ಫೋನು ಮಾಡಿ ಹತ್ತು ಮೂಟೆ ಸಿಮೆಂಟು ತರಿಸಿಕೊಂಡರು. ನವೆಂಬರಿನಲ್ಲಿ ಮಲ್ಲೇಶ್ವರದವರ ಮೂರು ಕಾದಂಬರಿ ಬಂದವು ಎಂದು ಪೇಪರಿನಲ್ಲಿ ನೋಡಿದೆ. ಆ ಪೇಪರನ್ನು ನಾನು ಮೇಲಕ್ಕೆ ತೆಗೆದುಕೊಂಡು ಹೋಗಲಿಲ್ಲ. ಅವರ ಮನೆಗೂ ಅದೇ ಪೇಪರು ಬರುತ್ತದೆ ಎಂಬುದು ಆಮೇಲೆ ಹೊಳೆಯಿತು.

ಡಿಸೆಂಬರಿನಲ್ಲಿ ವೆಂಕಟರಮಣಪ್ಪನವರ ಮೊಮ್ಮಗಳ ಮದುವೆ ಇತ್ತು. ಇನ್ನೆರಡು ದಿನವಿದೆ ಎನ್ನುವಾಗ ಅವರು ಫೋನು ಮಾಡಿದರು. ಸ್ಪೀಕರಿನಲ್ಲಿ ಅವರ ದನಿ ಮನೆಯೆಲ್ಲ ಕೇಳಿತು.

“ಏನಮ್ಮ ವಿಮ್ಲ, ನಿನ್ನ ಪುಸ್ತಕ ಇನ್ನೂ ಒಂದು ನೂರು ಮಿಕ್ಕೈತಂತಲ್ಲ. ಹೆಣ್ಣಿನ ಕಡೆಯೋರ ತಾಂಬೂಲಕ್ಕೆ ಸೇರ್ಸೋಣ ಅಂತ. ಬರೀ ತೆಂಗಿನಕಾಯಿ ಕೊಟ್ರೆ ಯಾರು ನೆನಪಿಟ್ಕೋತಾರೆ? ನಿಮ್ಮನೆ ಫಂಕ್ಷನ್ನು ಎಲ್ಲಾರ್ಗೂ ನೆನಪೈತೆ ನೋಡು. ನಾಳೆ ಕಾರು ಕಳಿಸ್ತೀನಿ.”

ಮುನಿರಾಜು ಹೆಂಡತಿಯ ಮುಖ ನೋಡಿದರು, ಬೇಡ ಅನ್ನು ಎನ್ನುವಂತೆ. ತಾವೇ ಹೇಳಲು ಅವರಿಗೂ ಆಗಲಿಲ್ಲ. ಬಿಂದುಶ್ರೀ ಅಕ್ಕನ ಮದುವೆಗೆ ಹೆಗಲು ಕೊಟ್ಟು ನಿಂತವರು ವೆಂಕಟರಮಣಪ್ಪ. ಅವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎಂದವರು ಆ ಮನೆತನದಲ್ಲಿ ಯಾರೂ ಇಲ್ಲ.

“ಆಯ್ತು ಭಾವ, ಕಳ್ಸಿ” ಎಂದರು ವಿಮಲಮ್ಮ.

ಮಾರನೆಯ ಬೆಳಿಗ್ಗೆ ನಾನು ಮೇಲೆ ಹೋದಾಗ ಕಟ್ಟುಗಳನ್ನು ಬಿಚ್ಚಿ ಹಾಲಿನಲ್ಲಿ ಹರಡಿಕೊಂಡು ಕೂತಿದ್ದರು. ಚನ್ನವೀರೇಶ್ ಅವರ ಹತ್ತಿರ ಇದ್ದದ್ದು ಮೊದಲ ಟೈಪಿನ ಫೈಲು, ಯಾರೂ ತಿದ್ದಿ ನೋಡಿರಲಿಲ್ಲ. ಅರವತ್ತೊಂದನೆಯ ಪುಟದಲ್ಲಿ ಒಂದು ಪ್ಯಾರಾ ಪೂರ್ತಿ ಎರಡು ಸಲ ಬಂದಿತ್ತು. ವಿಮಲಮ್ಮ ಒಂದೊಂದೇ ಪುಸ್ತಕ ತೆಗೆದು, ಸ್ಕೇಲು ಇಟ್ಟು, ಎರಡನೆಯ ಪ್ಯಾರಾವನ್ನು ಸಾಲು ಸಾಲಾಗಿ ಹೊಡೆದುಹಾಕುತ್ತಿದ್ದರು. ಇಂಕು ಒಣಗುವ ತನಕ ಪುಟವನ್ನು ತೆರೆದೇ ಇಟ್ಟು, ಆಮೇಲೆ ಮುಚ್ಚುತ್ತಿದ್ದರು.

“ಇದನ್ನ ಯಾರು ಓದ್ತಾರೆ ಆಂಟಿ?” ಎಂದು ಕೇಳಿಬಿಟ್ಟೆ.

“ಯಾರೂ ಓದಲ್ಲ” ಎಂದರು, ತಲೆಯೆತ್ತದೆ.

ಅವರು ನಲವತ್ತೋ ನಲವತ್ತೆರಡೋ ಮುಗಿಸಿರಬೇಕು. ಕೆಳಗೆ ಕಾರಿನ ಹಾರನ್ ಕೇಳಿತು. ಡ್ರೈವರು ಮೇಲೆ ಬಂದು, ಲೇಟಾಯ್ತು ಅಮ್ಮ, ಇನ್ನೂ ಹೂವಿನ ಮಾರ್ಕೆಟ್ಟಿಗೆ ಹೋಗಬೇಕು ಎಂದು, ತಿದ್ದಿದವನ್ನೂ ತಿದ್ದದೆ ಉಳಿದವನ್ನೂ ಒಟ್ಟಿಗೇ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದ.